ಕುರಿಗಾರನ ಜ್ವರ

ಸಾಂಕ್ರಾಮಿಕ ರೋಗಗಳ ಫೆಲೋಶಿಪ್ ಮುಗಿಸಿದ ವೈದ್ಯ ಮಿತ್ರರೇ,

ಎಂ.ಡಿ. ಆದ ಮೇಲೂ ಪುಸ್ತಕ ಮುಚ್ಚದೆ ಜ್ವರಗಳ ಬೆನ್ನು ಹತ್ತಿದವರು ನೀವು. ಹೃದಯ, ಕಿಡ್ನಿಯ ಕಡೆ ಹೋದವರಷ್ಟು ದುಡ್ಡು ಇದರಲ್ಲಿಲ್ಲ ಎಂದು ಮನೆಯಲ್ಲಿ ಯಾರಾದರೂ ಹೇಳಿಯೇ ಇರುತ್ತಾರೆ. ಸುಳ್ಳೇನಲ್ಲ. ಆದರೂ ಬಂದಿರಿ, ಅಭಿನಂದನೆಗಳು.

ನಾನು ಯಾದಗಿರಿ ಕಡೆಯವನು. ಶಹಾಪುರವಿರಲಿ, ಸುರಪುರವಿರಲಿ, ಜ್ವರ ಬಂದವರು ಮೊದಲು ಕೇಳುವುದು ಸಲೈನ್, ಆಮೇಲೆ ವಿಡಾಲ್ ಪರೀಕ್ಷೆ. ಚೀಟಿಯಲ್ಲಿ ‘ಪಾಸಿಟಿವ್’ ಬಂತೆಂದರೆ ಮುಗಿಯಿತು, ಟೈಫಾಯಿಡ್, ಇಂಜೆಕ್ಷನ್ ಶುರು. ಟೈಫಾಯಿಡ್ ಬೇರೂರಿದ ಸೀಮೆಯಲ್ಲಿ ಗಟ್ಟಿಮುಟ್ಟಾದವರ ರಕ್ತದಲ್ಲೂ ಆ ಪ್ರತಿಕಾಯಗಳು ಸಿಗುತ್ತವೆ, ಒಂದೇ ಸಲದ ವಿಡಾಲನ್ನು ನಂಬಬಾರದು ಎಂದು ನೀವು ಓದಿದ್ದೀರಿ. ಆಂಟಿಬಯೋಟಿಕ್ ಹಾಕುವ ಮುಂಚೆಯೇ ರಕ್ತದ ಕಲ್ಚರ್ ತೆಗೆಯಬೇಕೆಂದೂ ಓದಿದ್ದೀರಿ. ಆದರೆ ನಿಮ್ಮ ಹತ್ತಿರ ಬರುವ ಹೊತ್ತಿಗೆ ರೋಗಿಯ ಮೈಯಲ್ಲಿ ಮೂರು ಬಗೆಯ ಆಂಟಿಬಯೋಟಿಕ್ ಓಡಾಡುತ್ತಿರುತ್ತದೆ, ಅಷ್ಟೇ.

ಸುರಪುರ ತಾಲೂಕಿನ ಕುರಿಗಾರನೊಬ್ಬ ಬಂದ ಎಂದಿಟ್ಟುಕೊಳ್ಳಿ. ‘ಸಾಹೇಬ್ರ, ಸಂಜಿ ಆತಂದ್ರ ಜ್ವರ ಬರ್ತಾವ, ನಡ ಹಿಡಕೊಂಡದ’ ಅನ್ನುತ್ತಾನೆ. ರಾತ್ರಿ ಬೆವರು, ತೂಕ ಇಳಿದಿದೆ, ಎಂ.ಆರ್.ಐ.ಯಲ್ಲಿ ಬೆನ್ನೆಲುಬಿನ ಎರಡು ಮಣಿ ಸವೆದಿವೆ. ಬೆನ್ನೆಲುಬಿನ ಟಿ.ಬಿ. ಎಂದು ಬರೆಯಲು ಯಾರಿಗೂ ಕೈ ನಡುಗುವುದಿಲ್ಲ. ಇನ್ನೊಂದು ಪ್ರಶ್ನೆ ಕೇಳಿ: ‘ಈ ಸಲ ಎಷ್ಟು ಕುರಿ ಕಂದು ಹಾಕಿದವು?’ ಈಯಲಾರದ ಕುರಿಯ ಮರಿಯನ್ನು ಅವನು ಬರಿಗೈಯಲ್ಲೇ ಎಳೆದಿರುತ್ತಾನೆ, ಆಡಿನ ಹಸಿ ಹಾಲು ಕುಡಿದಿರುತ್ತಾನೆ. ಅದು ಕುರಿ, ಆಡುಗಳಿಂದ ಅಂಟುವ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಪೇಚಿನ ಸಂಗತಿ ಏನೆಂದರೆ, ಟಿ.ಬಿ.ಗೆ ಕೊಡುವ ರಿಫಾಂಪಿಸಿನ್ ಬ್ರುಸೆಲ್ಲಾಕ್ಕೂ ಅಷ್ಟಿಷ್ಟು ನಾಟುತ್ತದೆ. ರೋಗಿ ಕೊಂಚ ಚೇತರಿಸಿಕೊಳ್ಳುತ್ತಾನೆ, ತಪ್ಪು ನಿರ್ಣಯವೇ ಸರಿಯೆಂದು ಕಾಣುತ್ತದೆ. ಕಲ್ಚರ್ ಕಳಿಸುವಾಗ ಲ್ಯಾಬಿನವರಿಗೆ ‘ಬ್ರುಸೆಲ್ಲಾ ಅನುಮಾನವಿದೆ’ ಎಂದು ಬಾಯಿಬಿಟ್ಟು ಹೇಳಿ. ಅದು ನಿಧಾನವಾಗಿ ಬೆಳೆಯುವ ಜೀವಿ, ಕಲ್ಚರ್ ತಟ್ಟೆಯನ್ನು ಬೇಗ ಎಸೆದರೆ ಸಿಗದು. ತಟ್ಟೆ ತೆರೆದವರಿಗೇ ಅಂಟುವ ಭಯವೂ ಇದೆ. ಈ ಎಚ್ಚರವಷ್ಟೂ ಬರುವುದು ಕುರಿಯ ಬಗ್ಗೆ ಕೇಳಿದ್ದರಿಂದ.

ಗುಳೆಯದೂ ಹಾಗೆಯೇ. ಬೆಂಗಳೂರು, ಪುಣೆ, ಮುಂಬೈಗೆ ಗಾರೆ ಕೆಲಸಕ್ಕೆ ಹೋದವರ ಟಿ.ಬಿ. ಗುಳಿಗೆ ನಡುವೆ ತಪ್ಪಿರುತ್ತದೆ. ‘ಯಾವ ತಿಂಗಳು ಎಲ್ಲಿದ್ದೆ?’ ಎಂದು ಕೇಳದೆ ಆ ಕೇಸ್ ಶೀಟ್ ಪೂರ್ತಿಯಾಗದು.

ನೀರಿನ ಬಗ್ಗೆಯೂ ಕೇಳಬೇಕು. ಕಲಬುರಗಿ ಸೀಮೆಯ ಮೆಟ್ಟಿಲು ಬಾವಿಗಳಲ್ಲಿ ಹಿಂದೆ ನಾರುಹುಣ್ಣಿನ ಮೂಲವಿತ್ತು. ಕಾಲಿನಿಂದ ಮೊಳದುದ್ದದ ಹುಳುವನ್ನು ಕಡ್ಡಿಗೆ ಸುತ್ತಿ ದಿನಾ ಇಷ್ಟಿಷ್ಟೇ ಎಳೆಯುತ್ತಿದ್ದರು. ಅದಕ್ಕೆ ಔಷಧವೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ಬಟ್ಟೆಯಲ್ಲಿ ಸೋಸಿದ ನೀರು, ಬೋರ್‌ವೆಲ್, ನೀರಿಗಿಳಿಯದಂತೆ ಕಟ್ಟಿದ ಬಾವಿಕಟ್ಟೆ, ಬಾವಿಗೆ ಹಾಕಿದ ಟೆಮೆಫಾಸ್ ಎಂಬ ಕೀಟನಾಶಕ, ಇಷ್ಟರಿಂದಲೇ ಅದು ಹೋಯಿತು. ದೇಶದ ಕೊನೆಯ ರೋಗಿ 1996ರಲ್ಲಿ ರಾಜಸ್ಥಾನದಲ್ಲಿ ಸಿಕ್ಕರು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ ಪ್ರಮಾಣಪತ್ರ ಕೊಟ್ಟಿತು. ಆದರೆ ಅದೇ ಕಲಬುರಗಿ ಸೀಮೆಯಲ್ಲಿ, ಗುರುಮಠಕಲ್ ತಾಲೂಕಿನ ಅನಪುರದಲ್ಲಿ, 2023ರ ಫೆಬ್ರವರಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ವಾಂತಿಭೇದಿಯ ವಾರ್ಡಿನಲ್ಲಿ ನಿಂತಾಗ ಪೈಪು ಎಲ್ಲಿ ಒಡೆದಿದೆ ಎಂದು ಪಂಚಾಯಿತಿಯ ವಾಟರ್‌ಮನ್‌ನನ್ನು ಕೇಳುವುದೂ ತಜ್ಞರ ಕೆಲಸವೇ.

ನೀವೆಲ್ಲ ನಮ್ಮೂರಿಗೇ ಬಂದು ನೆಲೆಸಿ ಎಂದು ನಾನು ಕೇಳುವುದಿಲ್ಲ. ಘಟಿಕೋತ್ಸವದಲ್ಲಿ ಹಾಗೆ ಕೇಳಿದವರ ಮಾತಿಗೆ ಚಪ್ಪಾಳೆ ಸಿಗುತ್ತದೆ, ಡಾಕ್ಟರು ಸಿಗುವುದಿಲ್ಲ. ಯಾದಗಿರಿಯಲ್ಲಿ 2022-23ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಅಲ್ಲಿನ ಹುಡುಗರಿಗೆ ತಿಂಗಳಿಗೊಮ್ಮೆ ಬಂದು ಒಂದು ಜ್ವರದ ಕೇಸು ಪಾಠ ಮಾಡಿ. ಶಹಾಪುರ, ಸುರಪುರದ ತಾಲೂಕು ಆಸ್ಪತ್ರೆಯ ವೈದ್ಯರಿಗೆ ನಿಮ್ಮ ಫೋನ್ ನಂಬರ್ ಕೊಡಿ. ರಾತ್ರಿ ಹತ್ತಕ್ಕೆ ಅವರು ‘ಸೆಫ್ಟ್ರಿಯಾಕ್ಸೋನ್ ನಾಲ್ಕನೇ ದಿನ, ಜ್ವರ ಇಳಿದಿಲ್ಲ’ ಎಂದರೆ ಬೈಯದೆ ಫೋನ್ ಎತ್ತಿ. ಅವರಲ್ಲಿ ಕೆಲವರು ಇಲ್ಲೇ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಊಟದ ಹೊತ್ತಿಗೆ ನೀವೇ ಹೋಗಿ ಮಾತಾಡಿಸಿ.