ಹರಡಿನೊಳಗೆ ಮೂಳೆಯ ಕಸಿ

ಮೆಟ್ಟಿಲಿಳಿಯುವಾಗಲೋ ಕಬಡ್ಡಿ ಆಡುವಾಗಲೋ ಪಾದ ಹೊರಳಿ ಕಾಲು ಉಳುಕುವುದು ಯಾರಿಗೂ ಹೊಸದಲ್ಲ. ಪಟ್ಟಿ ಕಟ್ಟಿ, ಕೆಲವು ದಿನ ಕುಂಟಿದರೆ ಬಹುಪಾಲು ಜನರಿಗೆ ವಾಸಿಯಾಗುತ್ತದೆ. ಕೆಲವರಿಗೆ ಮಾತ್ರ ತಿಂಗಳುಗಳು ಕಳೆದರೂ ಹರಡಿನ ಆಳದಲ್ಲಿ ನೋವು ಉಳಿದುಬಿಡುತ್ತದೆ. ನಡೆದಷ್ಟೂ ಹೆಚ್ಚುತ್ತದೆ. ಎಕ್ಸ್‌ರೇಯಲ್ಲಿ ಏನೂ ಕಾಣದೆ ಇರಬಹುದು. ಇಂಥವರನ್ನು ‘ಬರೀ ಉಳುಕು’ ಎಂದು ಸಮಾಧಾನ ಹೇಳಿ ಕಳಿಸುವುದು ಸರಿಯಲ್ಲ. ಎಂಆರ್‌ಐ ಮಾಡಿಸಿದರೆ ಅವರಲ್ಲಿ ಕೆಲವರ ಟೇಲಸ್ ಮೂಳೆಯ ನೆತ್ತಿಯ ಮೇಲೆ ಗಾಯ ಕಾಣುತ್ತದೆ.

ಹಿಮ್ಮಡಿಯ ಮೂಳೆಗೂ ಕಾಲಿನ ಮೂಳೆಗಳಿಗೂ ನಡುವೆ ಕೂತಿರುವ ಈ ಟೇಲಸ್‌ಗೆ ಒಂದೇ ಒಂದು ಸ್ನಾಯುವೂ ಅಂಟಿಕೊಂಡಿಲ್ಲ. ಅದರ ಮೇಲ್ಮೈಯ ನೂರರಲ್ಲಿ ಸುಮಾರು 60 ಭಾಗವನ್ನು ಮೃದ್ವಸ್ಥಿ ಮುಚ್ಚಿದೆ. ರಕ್ತನಾಳಗಳು ಒಳಹೊಗಲು ಉಳಿದ ಜಾಗವೇ ಕಡಿಮೆ. ಮೃದ್ವಸ್ಥಿಗಂತೂ ರಕ್ತನಾಳವೂ ಇಲ್ಲ, ನರವೂ ಇಲ್ಲ. ಹಾಳಾದ ಮೃದ್ವಸ್ಥಿ ಮರಳಿ ಬರುವುದಿಲ್ಲವೆಂದು ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1743ರಲ್ಲೇ ಬರೆದಿದ್ದರು.

ನರವೇ ಇಲ್ಲದ ಮೇಲೆ ನೋಯುವುದು ಯಾವುದು? ಅದರ ಕೆಳಗಿನ ಮೂಳೆ. ಹೆಜ್ಜೆ ಊರಿದಾಗಲೆಲ್ಲ ಕೀಲಿನ ದ್ರವ ಮೃದ್ವಸ್ಥಿಯ ಬಿರುಕಿನೊಳಗೆ ನುಗ್ಗಿ ಮೂಳೆಯನ್ನು ಟೊಳ್ಳು ಮಾಡುತ್ತದೆ ಎಂಬುದು ನೆದರ್‌ಲ್ಯಾಂಡ್ಸ್‌ನ ನೀಕ್ ವಾನ್ ಡೈಕ್ ಮತ್ತು ಸಂಗಡಿಗರ ವಿವರಣೆ. ಆದ್ದರಿಂದ ಚಿಕಿತ್ಸೆಯ ಬುಡ ಮೂಳೆಯಲ್ಲೇ ಇದೆ.

ಗಾಯ ಚಿಕ್ಕದಿದ್ದರೆ ಮೂಳೆಗೆ ಸಣ್ಣ ರಂಧ್ರಗಳನ್ನು ಕೊರೆಯುತ್ತಾರೆ. ಮಜ್ಜೆಯ ರಕ್ತ ಒಸರಿ ಹೆಪ್ಪುಗಟ್ಟಿ, ಅಲ್ಲಿ ನಾರು ತುಂಬಿದ ಒಂದು ಬಗೆಯ ಮೃದ್ವಸ್ಥಿ ಬೆಳೆಯುತ್ತದೆ. ಮೂಲದ್ದಕ್ಕಿಂತ ಇದು ದುರ್ಬಲ. ಗಾಯ 15 ಮಿಲಿಮೀಟರಿಗಿಂತ ಅಗಲವಾಗಿದ್ದರೆ ಫಲ ಕುಗ್ಗುತ್ತದೆಂದು ಮೊದಲು ಎಣಿಸಿದ್ದರು. ಈಗ ಹಲವು ತಜ್ಞರು ಆ ಮಿತಿಯನ್ನು 10ರ ಆಸುಪಾಸಿಗೆ ಇಳಿಸಿದ್ದಾರೆ.

ಅದಕ್ಕಿಂತ ದೊಡ್ಡ, ಟೊಳ್ಳಾದ ಗಾಯಕ್ಕೆ ಕಸಿಯೇ ಬೇಕು. ಬುಡಾಪೆಸ್ಟಿನ ಲಾಸ್ಲೊ ಹಂಗೋಡಿ 1990ರ ದಶಕದಲ್ಲಿ ಬಳಕೆಗೆ ತಂದ ವಿಧಾನದಲ್ಲಿ, ಮೊಣಕಾಲಿನ ಹೆಚ್ಚು ಭಾರ ಬೀಳದ ಅಂಚಿನಿಂದ ಮೃದ್ವಸ್ಥಿ ಸಮೇತ ಮೂಳೆಯ ಸಣ್ಣ ಸಿಲಿಂಡರ್ ಆಕಾರದ ತುಣುಕುಗಳನ್ನು ತೆಗೆದು, ಮೊಸಾಯಿಕ್ ನೆಲಕ್ಕೆ ಚೂರು ಕೂರಿಸುವಂತೆ ಒಂದರ ಪಕ್ಕ ಒಂದನ್ನು ಕೂರಿಸುತ್ತಾರೆ. ಜಾಣ ಉಪಾಯ, ಆದರೆ ಪುಕ್ಕಟೆಯಲ್ಲ: ಚೆನ್ನಾಗಿದ್ದ ಮೊಣಕಾಲು ಕೆಲವರಿಗೆ ನೋಯತೊಡಗುತ್ತದೆ. ಮೊಣಕಾಲಿನ ಮೃದ್ವಸ್ಥಿ ಟೇಲಸ್‌ನದಕ್ಕಿಂತ ದಪ್ಪ, ಬಾಗು ಕೂಡ ಬೇರೆ. ಆಮ್‌ಸ್ಟರ್‌ಡ್ಯಾಮಿನ ಶಸ್ತ್ರವೈದ್ಯರು ಈಚೆಗೆ ಸೊಂಟದ ಮೂಳೆಯ ಅಂಚಿನಿಂದ, ಮೇಲಿನ ಪೊರೆಯ ಸಮೇತ, ಒಂದು ತುಂಡು ತೆಗೆದು ಗಾಯದ ಅಳತೆಗೆ ಕೆತ್ತಿ ಕೂರಿಸುತ್ತಿದ್ದಾರೆ. ಆ ಪೊರೆಯ ಒಳಪದರದ ಕೋಶಗಳಿಗೆ ಮೃದ್ವಸ್ಥಿಯಾಗಿ ಬೆಳೆಯುವ ಶಕ್ತಿಯಿದೆ.

ಕಷ್ಟವಿರುವುದು ಗಾಯವನ್ನು ತಲುಪುವುದರಲ್ಲಿ. ಟೇಲಸ್ ಕೀಲಿನೊಳಗೆ ಬಿಗಿಯಾಗಿ ಕೂತಿದೆ. ಗಾಯ ಹೆಚ್ಚಾಗಿ ಒಳಬದಿಯಲ್ಲಿರುತ್ತದೆ. ಕಸಿಯನ್ನು ನೇರವಾಗಿ ಇಳಿಸಲು ದಾರಿ ಬೇಕೆಂದು ಅನೇಕ ವೇಳೆ ಹರಡಿನ ಒಳಬದಿಗೆ ಉಬ್ಬಿರುವ ಗಂಟನ್ನೇ ಗರಗಸದಿಂದ ಕತ್ತರಿಸಿ ಸರಿಸಬೇಕಾಗುತ್ತದೆ. ಕೆಲಸ ಮುಗಿದ ಮೇಲೆ ಸ್ಕ್ರೂ ಹಾಕಿ ಮತ್ತೆ ಜೋಡಿಸುತ್ತಾರೆ. ಗಾಯ ಮಾಯಿಸಲು ಗಟ್ಟಿ ಮೂಳೆಯನ್ನು ಮುರಿಯುವ ಈ ನಿರ್ಧಾರವನ್ನು ರೋಗಿಗೆ ಮೊದಲೇ ಬಿಡಿಸಿ ಹೇಳಬೇಕು.

ಶಸ್ತ್ರಚಿಕಿತ್ಸೆಯ ನಂತರ ಸಾಮಾನ್ಯವಾಗಿ ಸುಮಾರು ಆರು ವಾರ ಆ ಕಾಲಿನ ಮೇಲೆ ಭಾರ ಬಿಡುವಂತಿಲ್ಲ. ಬೀಡಿ, ಸಿಗರೇಟು ಸೇದುವವರಲ್ಲಿ ಮೂಳೆ ಕೂಡುವುದು ತಡ. ಕಸಿ ಬೆಸೆದುಕೊಂಡಿದೆಯೇ ಎಂದು ನೋಡಲು ಸಿ.ಟಿ. ಸ್ಕ್ಯಾನ್ ನೆರವಾಗುತ್ತದೆ. ಓಟ, ಆಟಗಳಿಗೆ ಮರಳಲು ಹಲವು ತಿಂಗಳು ಹಿಡಿಯುತ್ತದೆ.