ನಾಡಿ ಸರಿಯಾಗಿತ್ತು



ಬೆಳಗಿನ ಕಾಫಿಗೆ ಮುನ್ನ ನನ್ನ ತಾಯಿಯವರ ಮಣಿಕಟ್ಟು ಹಿಡಿದು ನಾಡಿ ಎಣಿಸುವುದು ಏಳು ವರ್ಷಗಳ ಕಾಲ ನನ್ನ ನಿತ್ಯವಿಧಿಯಾಗಿತ್ತು. ನಿಮಿಷಕ್ಕೆ ೬೦ಕ್ಕಿಂತ ಕೆಳಗೆ ಅದು ಎಂದೂ ಇಳಿಯಲಿಲ್ಲ. ಆ ಎಣಿಕೆಯನ್ನು ನಂಬಿ ನಾನು ಮಾಡಿದ ತಪ್ಪನ್ನೂ ಅದರಿಂದ ತಿಳಿದುಕೊಂಡುದನ್ನೂ ಈ ಹೊತ್ತು ನಿಮ್ಮ ಮುಂದೆ ಇಡುತ್ತೇನೆ. ನಾನು ವೈದ್ಯನಲ್ಲ. ಇದು ಒಬ್ಬ ಮಗನ ಅನುಭವವಷ್ಟೆ.

೨೦೧೧ರಲ್ಲಿ ತಾಯಿಯವರು ಎರಡು ಬಾರಿ ಅಡಿಗೆಮನೆಯಲ್ಲಿ ಕಣ್ಣು ಕತ್ತಲಿಟ್ಟು ಬಿದ್ದರು. ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಬಡಿತದ ಆಜ್ಞೆ ಇಳಿಯುತ್ತಿಲ್ಲವೆಂದು ವೈದ್ಯರು ಕಂಡುಕೊಂಡರು. ಎದೆಯ ಚರ್ಮದಡಿಯಲ್ಲಿ ಪೇಸ್‌ಮೇಕರನ್ನು ಇರಿಸಿ, ರಕ್ತನಾಳದೊಳಗಿಂದ ಎರಡು ತಂತಿಗಳನ್ನು ಹಾಯಿಸಿದರು: ಒಂದು ಬಲ ಹೃತ್ಕರ್ಣಕ್ಕೆ, ಇನ್ನೊಂದು ಬಲ ಹೃತ್ಕುಕ್ಷಿಯ ತುದಿಗೆ. ವಾರ ಕಳೆಯುವಷ್ಟರಲ್ಲಿ ತಾಯಿಯವರು ಎಂದಿನಂತೆ ಓಡಾಡತೊಡಗಿದರು.

ಈ ಯಂತ್ರದ ಉಪಕಾರ ಸಾಮಾನ್ಯವಾದುದಲ್ಲ. ೧೯೫೮ರ ಅಕ್ಟೋಬರ್ ೮ರಂದು ಸ್ಟಾಕ್‌ಹೋಮಿನಲ್ಲಿ ಶಸ್ತ್ರವೈದ್ಯ ಓಕೆ ಸೆನ್ನಿಂಗ್, ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ರಚಿಸಿದ ಪೇಸ್‌ಮೇಕರನ್ನು ಆರ್ನೆ ಲಾರ್ಸನ್ ಎಂಬುವರ ದೇಹದೊಳಗೆ ಅಳವಡಿಸಿದರು. ಪೂರ್ತಿಯಾಗಿ ದೇಹದೊಳಗೇ ಇರಿಸಿದ ಮೊದಲ ಪೇಸ್‌ಮೇಕರ್ ಅದು. ಕೆಲವೇ ಗಂಟೆಗಳಲ್ಲಿ ಅದು ನಿಂತುಹೋಯಿತು; ಇನ್ನೊಂದನ್ನು ಇಟ್ಟರು. ಹೀಗೆ ಒಟ್ಟು ೨೬ ಯಂತ್ರಗಳ ಆಸರೆಯಲ್ಲಿ ಬಾಳಿದ ಲಾರ್ಸನ್ ೨೦೦೧ರಲ್ಲಿ, ತಮ್ಮ ೮೬ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದೂ ಹೃದಯದ ಬೇನೆಯಿಂದಲ್ಲ, ಕ್ಯಾನ್ಸರಿನಿಂದ. ಆದುದರಿಂದ ನನ್ನ ಮಾತು ಕೇಳಿ ಯಾರೂ ಪೇಸ್‌ಮೇಕರಿಗೆ ಹೆದರಬೇಕಾಗಿಲ್ಲ.

೨೦೧೮ರ ಹೊತ್ತಿಗೆ ತಾಯಿಯವರು ಮಹಡಿಯ ಮೆಟ್ಟಿಲಲ್ಲಿ ನಡುವೆ ನಿಂತು ಸುಧಾರಿಸಿಕೊಳ್ಳತೊಡಗಿದರು. ಮಲಗುವಾಗ ಒಂದು ದಿಂಬಿನ ಜಾಗದಲ್ಲಿ ಎರಡು ಬಂದವು. ಸಂಜೆಯ ವೇಳೆಗೆ ಪಾದ ಊದಿ ಚಪ್ಪಲಿ ಬಿಗಿಯಾಗುತ್ತಿತ್ತು. "ವಯಸ್ಸಾಯಿತಲ್ಲಮ್ಮ" ಎಂದೆ. "ನಾಡಿ ಸರಿಯಾಗಿದೆ ತಾನೆ?" ಎಂದು ಅವರು ಕೇಳುವರು, "ಸರಿಯಾಗಿದೆ" ಎಂದು ನಾನು ಹೇಳುವೆ. ಇಬ್ಬರಿಗೂ ಸಮಾಧಾನ. ಹೀಗೆ ಎಂಟು ತಿಂಗಳು ಕಳೆದವು.

ಕೊನೆಗೆ ಎಕೋ ಪರೀಕ್ಷೆ ನಡೆಯಿತು. ತುಂಬಿಕೊಂಡ ರಕ್ತದಲ್ಲಿ ಎಡ ಹೃತ್ಕುಕ್ಷಿ ಒಂದು ಬಡಿತಕ್ಕೆ ಎಷ್ಟು ಪಾಲನ್ನು ಹೊರದೂಡುತ್ತದೆಂಬುದನ್ನು ಅದು ಅಳೆಯುತ್ತದೆ. ತಾಯಿಯವರಿಗೆ ಮೊದಲು ಅದು ನೂರಕ್ಕೆ ೬೦ ಇದ್ದಿತು. ಈಗ ೩೨ಕ್ಕೆ ಇಳಿದಿತ್ತು. ದಿಗ್ಭ್ರಮೆಗೊಂಡು, ನಾಡಿ ಸರಿಯಾಗಿಯೇ ಇತ್ತಲ್ಲ ಎಂದೆ. ವೈದ್ಯರು ಶಾಂತವಾಗಿ ಹೇಳಿದರು: "ಎಷ್ಟು ಸಲ ಬಡಿಯಿತೆಂದು ನಾಡಿ ಹೇಳುತ್ತದೆ. ಹೃದಯ ಎಷ್ಟು ಬಲವಾಗಿ ಹಿಂಡಿತೆಂದು ಬೆರಳಿನಿಂದ ಎಣಿಸಿದರೆ ನಿಮಗೆ ತಿಳಿಯದು."

ಅವರು ತಿಳಿಸಿದ ಕಾರಣ ಇದು. ಸ್ವಸ್ಥ ಹೃದಯದಲ್ಲಿ ಆಜ್ಞೆ ಹರಿಯಲು ವಿಶೇಷ ತಂತುಗಳ ಹಾದಿಯುಂಟು. ಪುರ್ಕಿಂಜೆ, ಹಿಸ್ ಮೊದಲಾದವರು ಅದರ ಭಾಗಗಳನ್ನು ಕಂಡಿದ್ದರು. ೧೯೦೬ರಲ್ಲಿ ಜಪಾನಿನ ಸುನಾವೊ ತವಾರ ಇಡೀ ಹಾದಿಯನ್ನು ಒಂದಾಗಿ ವಿವರಿಸಿದರು. ಈ ಹಾದಿಯಲ್ಲಿ ಆಜ್ಞೆ ಕ್ಷಣಾರ್ಧದಲ್ಲಿ ಹರಡಿ, ಹೃತ್ಕುಕ್ಷಿಯ ಗೋಡೆಗಳೆಲ್ಲ ಒಟ್ಟಾಗಿ ಸಂಕೋಚಿಸುತ್ತವೆ. ಪೇಸ್‌ಮೇಕರಿನ ತಂತಿಯಾದರೋ ಬಲಗಡೆಯ ಸ್ನಾಯುವಿನ ಒಂದು ಬಿಂದುವಿಗೆ ಆಜ್ಞೆ ಕೊಡುತ್ತದೆ. ಅಲ್ಲಿಂದ ಅದು ಜೀವಕೋಶದಿಂದ ಜೀವಕೋಶಕ್ಕೆ ನಿಧಾನವಾಗಿ ಸಾಗಬೇಕು. ಎಡ ಹೃತ್ಕುಕ್ಷಿಯ ದೂರದ ಗೋಡೆಗೆ ಅದು ತಡವಾಗಿ ಮುಟ್ಟುತ್ತದೆ. ಒದ್ದೆ ಸೀರೆಯನ್ನು ಇಬ್ಬರು ಹಿಂಡುವಾಗ ಒಬ್ಬರು ತಿರುಚುವ ಹೊತ್ತಿಗೆ ಇನ್ನೊಬ್ಬರ ಕೈ ಸಡಿಲವಾಗಿದ್ದರೆ ದಣಿವು ಹೆಚ್ಚು, ಹೊರಬರುವ ನೀರು ಕಡಿಮೆ. ವರ್ಷಾನುಗಟ್ಟಲೆ ಹೀಗೆ ದುಡಿದ ಸ್ನಾಯು ಹಿಗ್ಗಿ ಬಲಗುಂದುತ್ತದೆ.

ಎಲ್ಲರಿಗೂ ಹೀಗಾಗುವುದಿಲ್ಲ. ನೂರರಲ್ಲಿ ಸುಮಾರು ೧೦ರಿಂದ ೨೦ ಮಂದಿಗೆ ಆಗುತ್ತದೆಂಬುದು ವೈದ್ಯರ ಅಂದಾಜು. ಹೃತ್ಕುಕ್ಷಿಯ ಬಡಿತಗಳಲ್ಲಿ ನೂರಕ್ಕೆ ೪೦ಕ್ಕಿಂತ ಹೆಚ್ಚನ್ನು ಯಂತ್ರವೇ ಮಾಡಿಸುತ್ತಿದ್ದವರಲ್ಲಿ ಹೃದಯವೈಫಲ್ಯದಿಂದ ಆಸ್ಪತ್ರೆ ಸೇರುವವರು ಹೆಚ್ಚೆಂದು ೨೦೦೩ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ನನ್ನ ತಾಯಿಯವರಲ್ಲಿ ಬಹುಮಟ್ಟಿಗೆ ಎಲ್ಲ ಬಡಿತವೂ ಯಂತ್ರದ್ದೇ ಆಗಿದ್ದಿತು.

ಇದಕ್ಕೆ ಪರಿಹಾರವಿದೆ. ಎಡ ಹೃತ್ಕುಕ್ಷಿಗೂ ಒಂದು ತಂತಿಯನ್ನು ಮುಟ್ಟಿಸಿ, ಎರಡು ಕಡೆಗೂ ಆಜ್ಞೆ ಒಟ್ಟಿಗೆ ಸಿಗುವಂತೆ ಮಾಡಿದರು, ಔಷಧಗಳನ್ನೂ ಕೊಟ್ಟರು. ಆರು ತಿಂಗಳಲ್ಲಿ ೩೨ ಇದ್ದುದು ೪೮ಕ್ಕೆ ಏರಿತು. ಎರಡನೆಯ ದಿಂಬು ಬೀರುವಿಗೆ ಹಿಂತಿರುಗಿತು. ತಂತಿಯ ತುದಿಯನ್ನು ಹೃದಯದ ಸಹಜ ಹಾದಿಯ ಮೇಲೆಯೇ ಊರುವ ವಿಧಾನಗಳೂ ಈಗ ಬಳಕೆಗೆ ಬಂದಿವೆ. ಆದರೆ ಎಲ್ಲರ ಸ್ನಾಯುವೂ ಇಷ್ಟು ಚೇತರಿಸಿಕೊಳ್ಳುತ್ತದೆಂಬ ಭರವಸೆಯಿಲ್ಲ. ನಾನು ಕಳೆದ ಆ ಎಂಟು ತಿಂಗಳು ಇನ್ನೂ ಎರಡು ವರ್ಷಕ್ಕೆ ಬೆಳೆದಿದ್ದರೆ ಏನಾಗುತ್ತಿತ್ತೆಂಬ ಯೋಚನೆ ನನ್ನನ್ನು ಬಿಟ್ಟಿಲ್ಲ.

ನಿಮ್ಮ ಮನೆಯಲ್ಲಿ ಪೇಸ್‌ಮೇಕರ್ ಇಟ್ಟುಕೊಂಡ ಹಿರಿಯರಿದ್ದರೆ ನನ್ನ ಬಿನ್ನಹ ಇಷ್ಟೆ. ಉಬ್ಬಸ, ಪಾದದ ಊತ, ಹೊಸದಾಗಿ ಬಂದ ದಣಿವು, ಇವುಗಳ ಹೊಣೆಯನ್ನು ವಯಸ್ಸಿನ ಮೇಲೆ ಹೊರಿಸಬೇಡಿ. ಯಂತ್ರದ ತಪಾಸಣೆಗೆ ಹೋದಾಗ ಬ್ಯಾಟರಿಯ ವಿಚಾರ ಕೇಳಿದರೆ ಸಾಲದು. ಬಡಿತಗಳಲ್ಲಿ ನೂರಕ್ಕೆ ಎಷ್ಟನ್ನು ಯಂತ್ರ ಮಾಡಿಸುತ್ತಿದೆಯೆಂದು ಕೇಳಿ. ಆ ಲೆಕ್ಕ ಯಂತ್ರದಲ್ಲಿಯೇ ದಾಖಲಾಗಿರುತ್ತದೆ. ಎಕೋ ಪರೀಕ್ಷೆ ಎಂದು ಆಗಬೇಕೆಂಬುದನ್ನೂ ಕೇಳಿ.

ನಾನು ಈಗಲೂ ಬೆಳಿಗ್ಗೆ ನಾಡಿ ಎಣಿಸುತ್ತೇನೆ. ಎಣಿಸಿ ಆದ ಮೇಲೆ, "ರಾತ್ರಿ ಹೇಗೆ ನಿದ್ದೆ ಬಂತಮ್ಮ?" ಎಂದು ಕೇಳಿ, ಅವರು ಹೇಳುವುದನ್ನು ಕೊನೆಯವರೆಗೆ ಕೇಳಿಸಿಕೊಳ್ಳುತ್ತೇನೆ.