ಭಾರ ಹೇರಿದ ಕೈಗಳನ್ನೂ ಪ್ರಶ್ನಿಸೋಣ



2012ರ ಆಗಸ್ಟ್ 27ರ ರಾತ್ರಿ ಕೇರಳದ ಕಣ್ಣೂರು ಸಮೀಪದ ಚಾಲದಲ್ಲಿ ಅಡುಗೆ ಅನಿಲದ ಟ್ಯಾಂಕರೊಂದು ರಸ್ತೆ ವಿಭಜಕಕ್ಕೆ ಬಡಿದು ಉರುಳಿತು. ಸೋರಿದ ಅನಿಲಕ್ಕೆ ಬೆಂಕಿ ತಗಲಿ 20 ಮಂದಿ ಪ್ರಾಣ ತೆತ್ತರು. ಎಂಟು ತಿಂಗಳು ತುಂಬುವ ಮೊದಲೇ, 2013ರ ಏಪ್ರಿಲ್ 9ರಂದು, ನಮ್ಮ ಜಿಲ್ಲೆಯ ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಅಂತಹದೇ ದುರಂತ ಮರುಕಳಿಸಿತು. ಮಡಿದವರಲ್ಲಿ ರಸ್ತೆ ಬದಿಯ ಮನೆಗಳಲ್ಲಿದ್ದವರೂ ಇದ್ದರು.

ಈ ಎರಡು ದುರಂತಗಳಿಗೆ ಅಧಿಕ ಭಾರವೇ ಕಾರಣವೆಂದು ನಾನು ಹೇಳುತ್ತಿಲ್ಲ. ಅಪಾಯಕಾರಿ ಸರಕು ಹೊತ್ತ ವಾಹನ ಮಗುಚಿದರೆ ಏನಾಗುತ್ತದೆಂಬುದನ್ನು ಅವು ನಮಗೆ ತೋರಿಸಿಕೊಟ್ಟಿವೆ. ಹಾಗಿರುವಾಗ ಮಗುಚುವ ಸಂಭವವನ್ನೇ ಹೆಚ್ಚಿಸುವ ಮಿತಿಮೀರಿದ ಭಾರವನ್ನು ಲಘುವಾಗಿ ಕಾಣಬಹುದೇ?

ಭಾರ ಹೆಚ್ಚಿದಷ್ಟೂ ವಾಹನ ನಿಲ್ಲಲು ಹೆಚ್ಚು ದೂರ ಬೇಕು. ಶಿರಾಡಿಯಂತಹ ಘಾಟಿಯ ಇಳಿಜಾರಿನಲ್ಲಿ ಬ್ರೇಕುಗಳು ಕಾದು ಬಲಗುಂದುತ್ತವೆ, ಟಯರುಗಳು ಸಿಡಿಯುತ್ತವೆ. ರಸ್ತೆಗೂ ಉಳಿಗಾಲವಿಲ್ಲ. ಆ್ಯಕ್ಸಲ್ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗಾಗುವ ಹಾನಿ ಸುಮಾರು 16 ಪಟ್ಟು ಏರುತ್ತದೆ ಎಂಬುದು ಇಂಜಿನಿಯರುಗಳ ಲೆಕ್ಕಾಚಾರ. ಹೀಗೆ ಬಿದ್ದ ಹೊಂಡಗಳು ಮುಂದೆ ಬರುವ ಟ್ಯಾಂಕರನ್ನು ಕಾಯುತ್ತಿರುತ್ತವೆ.

ಕಾನೂನು ಇಲ್ಲವೆಂದಲ್ಲ. ಮಿತಿಮೀರಿ ಭಾರ ಹೊತ್ತ ವಾಹನಕ್ಕೆ 2019ರ ತಿದ್ದುಪಡಿಯ ಪ್ರಕಾರ 20 ಸಾವಿರ ರೂಪಾಯಿ ದಂಡವಿದೆ. ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2 ಸಾವಿರ. ಹೆಚ್ಚುವರಿ ಸರಕನ್ನು ಇಳಿಸದೆ ವಾಹನ ಮುಂದೆ ಸಾಗುವಂತಿಲ್ಲ. ಅಪಾಯಕಾರಿ ಸರಕಿನ ವಾಹನಗಳು ಅದರ ಹೆಸರು, ಅಪಾಯದ ಚಿಹ್ನೆ ಮತ್ತು ತುರ್ತು ದೂರವಾಣಿ ಸಂಖ್ಯೆಯಿರುವ ಫಲಕವನ್ನು ಹೊಂದಿರಬೇಕು, ಚಾಲಕ ವಿಶೇಷ ತರಬೇತಿ ಪಡೆದಿರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸುತ್ತವೆ.

ಆದರೆ ಅಪಘಾತವಾದೊಡನೆ ನಮ್ಮ ಬೆರಳು ತೋರುವುದು ಯಾರತ್ತ? ಚಾಲಕನತ್ತ. ಬದುಕಿದರೆ ಅವನು ಆರೋಪಿ, ಸತ್ತರೆ ಪ್ರಕರಣವೇ ಮುಗಿಯಿತು. ಎಷ್ಟು ಭಾರ ಹೇರಬೇಕೆಂದು ಅವನು ನಿರ್ಧರಿಸುತ್ತಾನೆಯೇ? 'ಒಲ್ಲೆ' ಎಂದರೆ ಮರುದಿನ ಅವನ ಸೀಟಿನಲ್ಲಿ ಇನ್ನೊಬ್ಬ ಕೂತಿರುತ್ತಾನೆ. ಚಾಲಕನು ಮಾಲಕನಲ್ಲದಿದ್ದರೆ, ಈ ಅಪರಾಧ ಮಾಲಕನ ಅರಿವಿನಿಂದಲೋ ಆಜ್ಞೆಯಿಂದಲೋ ನಡೆದಿದೆಯೆಂದು ನ್ಯಾಯಾಲಯ ಭಾವಿಸಬಹುದು ಎಂದು 1988ರ ಮೋಟಾರು ವಾಹನ ಕಾಯ್ದೆಯ 113ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ನಾವು ಆ ಕಲಮನ್ನು ನೆನಪಿಸಬೇಕಾಗಿದೆ.

ಆದ್ದರಿಂದ ನಮ್ಮ ಬೇಡಿಕೆ ಸರಳವಾದುದು. ತೂಕ ನೋಡಬೇಕಾದುದು ಹೆದ್ದಾರಿಯಲ್ಲಲ್ಲ, ಸರಕು ತುಂಬುವ ಗೇಟಿನಲ್ಲಿ. ಅಲ್ಲಿ ತೂಕದ ಚೀಟಿಯಿಲ್ಲದೆ ಒಂದು ವಾಹನವೂ ಹೊರಡಬಾರದು. ಆ ಚೀಟಿಗೆ ಸಹಿ ಹಾಕಿದವರು, ಸರಕಿನ ಒಡೆಯರು ಮತ್ತು ವಾಹನದ ಮಾಲಕರು ಚಾಲಕನಷ್ಟೇ ಉತ್ತರದಾಯಿಗಳಾಗಬೇಕು.

ದಂಡ ಕಟ್ಟಿದ ಮಾತ್ರಕ್ಕೆ ಅಪಾಯ ಇಳಿಯದು, ಭಾರ ಇಳಿದರೆ ಮಾತ್ರ ಇಳಿದೀತು. ಹೆದ್ದಾರಿಯ ಬದಿಯಲ್ಲಿ ಮಕ್ಕಳನ್ನು ಮಲಗಿಸುವ ತಾಯಂದಿರು ನಿಶ್ಚಿಂತೆಯಿಂದ ನಿದ್ರಿಸುವ ದಿನ ಬರುವವರೆಗೂ ಈ ಪ್ರಶ್ನೆಯನ್ನು ನಾವು ಕೇಳುತ್ತಲೇ ಇರೋಣ.